ಬೋರರ್ ಗಿಡ, ಕಸಿ ಕಡ್ಡಿ, ತರಗು: ತೋಟದಲ್ಲಿ ಏನು ಸುಡಬೇಕು, ಹೇಗೆ ಸುಡಬೇಕು

ಅರೇಬಿಕಾ ಕಾಫಿ ಕೊಯ್ಲು ಮುಗಿದು ಕಸಿ ಕೆಲಸ, ಅಂದರೆ ಗಿಡದ ಬೇಡದ ಕಡ್ಡಿ ಸವರುವ ಕೆಲಸ ಶುರುವಾಗುತ್ತಿದ್ದ ಹಾಗೆ ಸಕಲೇಶಪುರ, ಮೂಡಿಗೆರೆ, ಬೇಲೂರು ಕಡೆಯ ಬೆಳೆಗಾರರಿಂದ ವರ್ಷವರ್ಷವೂ ಅವೇ ಪ್ರಶ್ನೆಗಳು ಬರುತ್ತವೆ. ‘ಕಸಿ ಮಾಡಿದ ಕಡ್ಡಿ ರಾಶಿ ಬಿದ್ದಿದೆ, ಬೆಂಕಿ ಕೊಡಬಹುದಾ?’ ‘ಬೋರರ್ ಗಿಡ ಕಿತ್ತು ಹಾಕಿದ್ದೇವೆ, ಹಸಿ ಇದೆ, ಉರಿಯುತ್ತಿಲ್ಲ, ಡೀಸೆಲ್ ಸುರಿಯಲಾ?’ ‘ಪಕ್ಕದ ತೋಟದವರು ಸಂಜೆ ಹೊತ್ತು ಬೆಂಕಿ ಹಾಕುತ್ತಾರೆ, ಮನೆಯಲ್ಲಿ ಉಬ್ಬಸದ ಅಜ್ಜಿ ಇದ್ದಾರೆ, ಏನು ಮಾಡೋಣ?’ ಮೂರಕ್ಕೂ ಇಲ್ಲಿ ಉತ್ತರವಿದೆ. ಬೋರರ್ ಅಂದರೆ ಕಾಫಿ ಗಿಡದ ಬೊಡ್ಡೆ ಕೊರೆಯುವ ಬಿಳಿ ಕಾಂಡಕೊರಕ ಹುಳು, ಅದು ಹಿಡಿದ ಗಿಡವೇ ಬೋರರ್ ಗಿಡ.

ಮೊದಲು ಒಂದು ವಿಷಯ ಮನಸ್ಸಿನಲ್ಲಿ ಕೂರಬೇಕು. ಹೊಗೆ ಅಂದರೆ ಪೂರ್ತಿ ಉರಿಯದೆ ಗಾಳಿಗೆ ಹೋದ ಕಟ್ಟಿಗೆ. ಒಣ ಕಟ್ಟಿಗೆ, ಸಾಕಷ್ಟು ಗಾಳಿ, ಜೋರು ಉರಿ ಇದ್ದರೆ ಹೊಗೆ ತೀರಾ ಕಡಿಮೆ. ಹಸಿ ಕಟ್ಟಿಗೆ, ಮಣ್ಣು ಮೆತ್ತಿದ ಬೇರು, ಒತ್ತಾಗಿ ಪೇರಿಸಿದ ರಾಶಿ ಇದ್ದರೆ ಬೆಂಕಿ ಹೊತ್ತಿದ ಹೆಸರಷ್ಟೇ, ದಿನವಿಡೀ ಬೂದುಬಣ್ಣದ ಹೊಗೆ. ಆ ಹೊಗೆಯಲ್ಲಿ ಹೆಚ್ಚು ಕೆಡುಕು ಮಾಡುವುದು ಕಣ್ಣಿಗೆ ಕಾಣದ ಕಣಗಳು. ಇವನ್ನು ಪಿಎಂ 2.5 ಎನ್ನುತ್ತಾರೆ, ಅಂದರೆ 2.5 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ಕಣ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರಾನ್. ತಲೆಗೂದಲಿನ ದಪ್ಪದ ಮೂವತ್ತನೇ ಒಂದು ಭಾಗದಷ್ಟೇ ಇರುವ ಈ ಕಣಗಳನ್ನು ಮೂಗು, ಗಂಟಲು ತಡೆಯಲಾರವು. ನೇರ ಶ್ವಾಸಕೋಶದ ತಳಕ್ಕೆ ಇಳಿಯುತ್ತವೆ, ಅಲ್ಲಿಂದ ರಕ್ತಕ್ಕೂ ಸೇರುತ್ತವೆ. ನಮ್ಮ ದೇಶದ ಮಾನದಂಡದ ಪ್ರಕಾರ ದಿನವೊಂದರ ಸರಾಸರಿ, ಒಂದು ಘನ ಮೀಟರ್ ಗಾಳಿಯಲ್ಲಿ 60 ಮೈಕ್ರೋಗ್ರಾಂ ದಾಟಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇಟ್ಟ ಮಿತಿ ಬರೀ 15.

ಮಲೆನಾಡಿನ ಗಾಳಿ ಶುದ್ಧ ಎಂದು ನಾವೇ ಹೇಳಿಕೊಳ್ಳುತ್ತೇವೆ, ನಿಜವೂ ಹೌದು. ಆದರೆ ನಮ್ಮ ನೆಲದ ಏರುತಗ್ಗಿನಲ್ಲೇ ಒಂದು ತೊಂದರೆ ಇದೆ. ಚಳಿಗಾಲದ ರಾತ್ರಿ ತಣ್ಣನೆ ಗಾಳಿ ಗುಡ್ಡದಿಂದ ಇಳಿದು ತಗ್ಗಿನಲ್ಲಿ ನೀರಿನಂತೆ ನಿಲ್ಲುತ್ತದೆ, ಅದರ ಮೇಲೆ ಬೆಚ್ಚಗಿನ ಗಾಳಿ ಮುಚ್ಚಳದ ಹಾಗೆ ಕೂರುತ್ತದೆ. ಸಂಜೆ ಹಾಕಿದ ಬೆಂಕಿಯ ಹೊಗೆ ಆ ಮುಚ್ಚಳದ ಕೆಳಗೇ ಬೆಳಗಿನವರೆಗೆ ಉಳಿಯುತ್ತದೆ. ತಗ್ಗಿನಲ್ಲಿ ಯಾರಿದ್ದಾರೆ? ಹಳ್ಳ, ಬಾವಿ, ರಸ್ತೆ ಹತ್ತಿರ ಅಂತ ನಾವು ಕೆಲಸದವರಿಗೆ ಲೈನ್ ಮನೆ ಕಟ್ಟಿಸಿರುವುದು ಬಹುಪಾಲು ಅಲ್ಲೇ. ಬಂಗಲೆ ದಿಬ್ಬದ ಮೇಲಿರುತ್ತದೆ. ಬೆಂಕಿ ಹಾಕಿಸಿದವರಿಗೆ ಹೊಗೆ ಕಾಣುವುದೇ ಇಲ್ಲ, ಮಕ್ಕಳನ್ನು ಮಗ್ಗುಲಲ್ಲಿ ಮಲಗಿಸಿಕೊಂಡವರು ರಾತ್ರಿಯಿಡೀ ಅದನ್ನೇ ಉಸಿರಾಡುತ್ತಾರೆ. ನಾನು ಈ ಲೇಖನ ಬರೆಯುತ್ತಿರುವುದು ಮುಖ್ಯವಾಗಿ ಇದಕ್ಕಾಗಿ.

ಬೇಕಾಗುವ ಸಾಮಾನು: ಕತ್ತಿ, ಹಾರೆ, ಗುದ್ದಲಿ, 200 ಲೀಟರಿನ ಎರಡು ಡ್ರಮ್ ನೀರು, ಚೆನ್ನಾಗಿ ತೊಳೆದ ಸ್ಪ್ರೇಯರ್, ಬಡಿದು ನಂದಿಸಲು ಹಸಿ ಸೊಪ್ಪಿನ ಟೊಂಗೆಗಳು, ಹತ್ತಿ ಬಟ್ಟೆ ತೊಟ್ಟ ಕನಿಷ್ಠ ಮೂರು ಜನ, ಅವರಿಗೆ ಎನ್95 ಮಾಸ್ಕ್. ಮುಖಕ್ಕೆ ಕಟ್ಟಿದ ಟವೆಲ್ ಬೂದಿ ತಡೆಯುತ್ತದೆ, ಪಿಎಂ 2.5 ತಡೆಯುವುದಿಲ್ಲ.

1. ರಾಶಿಯನ್ನು ವಿಂಗಡಿಸಿ

ಸುಡಬೇಕು ಎಂದು ಒಟ್ಟಿದ್ದರಲ್ಲಿ ಬಹಳಷ್ಟನ್ನು ಸುಡಬೇಕಾಗಿಯೇ ಇಲ್ಲ.

ತರಗನ್ನು ಸುಡಬೇಡಿ. ನೆರಳಿನ ಮರಗಳಾದ ಸಿಲ್ವರ್ ಓಕ್, ಹಾಲವಾಣ, ಅತ್ತಿ, ಹಲಸು ಉದುರಿಸಿದ ಎಲೆ ನಿಮ್ಮ ತೋಟದ ಪುಕ್ಕಟೆ ಗೊಬ್ಬರ. ಬೆಂಕಿ ಇಟ್ಟರೆ ಅದರ ಸಾರಜನಕ, ಗಂಧಕ ಹೊಗೆಯ ಜೊತೆ ಹೋಗುತ್ತವೆ. ಪೊಟ್ಯಾಷ್ ಬೂದಿಯಲ್ಲಿ ಉಳಿದರೂ ಇಳಿಜಾರಿನಲ್ಲಿ ಮೊದಲ ದೊಡ್ಡ ಮಳೆಗೇ ಹಳ್ಳ ಸೇರುತ್ತದೆ. ತರಗನ್ನು ಗಿಡದ ಸಾಲಿನ ನಡುವೆ ಹರಡಿ, ಇಲ್ಲವೇ ಸಾಲಿನ ನಡುವೆ ತೋಡಿದ ತೊಟ್ಟಿಲು ಗುಂಡಿಗೆ ತುಂಬಿ.

ಬೆರಳು ಗಾತ್ರದ ಕಸಿ ಕಡ್ಡಿ, ಬೊಡ್ಡೆಯಿಂದ ನೇರ ಏಳುವ ಕಂಬ ಚಿಗುರು, ಮರಗಸಿಯಲ್ಲಿ (ನೆರಳಿನ ಮರ ಸವರುವಾಗ) ಬಿದ್ದ ಸಣ್ಣ ಟೊಂಗೆಗಳನ್ನು ಎರಡಡಿ ಉದ್ದಕ್ಕೆ ಕಡಿದು, ಇಳಿಜಾರಿಗೆ ಅಡ್ಡವಾಗಿ ಸಾಲಿನ ನಡುವೆ ಹಾಕಿ. ಒಂದು ಮಳೆಗಾಲ ಕಳೆದರೆ ಮೆತ್ತಗಾಗುತ್ತವೆ, ಮಣ್ಣು ಕೊಚ್ಚಿಹೋಗುವುದನ್ನೂ ತಡೆಯುತ್ತವೆ. ‘ಕಡ್ಡಿ ಬಿಟ್ಟರೆ ಬೋರರ್ ಬರುತ್ತೆ’ ಎಂಬ ಹೆದರಿಕೆ ಅನೇಕರಿಗಿದೆ. ಬಿಳಿ ಕಾಂಡಕೊರಕ ಮೊಟ್ಟೆ ಇಡುವುದು ನಿಂತಿರುವ ಅರೇಬಿಕಾ ಗಿಡದ ಬೊಡ್ಡೆ ಮತ್ತು ದಪ್ಪ ರೆಕ್ಕೆಗಳ (ಕೊಂಬೆಗಳ) ತೊಗಟೆಯ ಸಂದಿಯಲ್ಲಿ. ಬೆರಳು ಗಾತ್ರದ ಒಣ ಕಡ್ಡಿ ಅದಕ್ಕೆ ಬೇಡ. ಇನ್ನೊಂದು ಜಾತಿಯ ಕಾಫಿ ರೊಬಸ್ಟಾದ ಕಡ್ಡಿಯಲ್ಲಿ ಬಿಳಿ ಕಾಂಡಕೊರಕದ ಚಿಂತೆ ಬೇಕಿಲ್ಲ.

ತೋಳು ಗಾತ್ರಕ್ಕಿಂತ ದಪ್ಪನೆಯದು ಸೌದೆ. ಬಯಲು ಸೀಮೆ ಕಡೆ ತೋಟ ಇರುವವರೂ ಗಮನಿಸಿ: ಚನ್ನರಾಯಪಟ್ಟಣ, ಹೊಳೆನರಸೀಪುರದ ಕಬ್ಬಿನ ರವದಿ, ತೆಂಗಿನ ಗರಿ ಎಲ್ಲವೂ ಹೊದಿಕೆಗೆ ಒದಗುತ್ತವೆ. ಭತ್ತದ ಹುಲ್ಲಿನ ಬಗ್ಗೆ ಹೇಳಬೇಕಾಗಿಲ್ಲ, ದನ ಸಾಕಿದವರು ಯಾರೂ ಅದನ್ನು ಸುಡುವುದಿಲ್ಲ.

ಯಾವ ಕಾರಣಕ್ಕೂ ಬೆಂಕಿಗೆ ಹಾಕಬಾರದ್ದು: ಔಷಧಿ ಬಾಟಲಿ, ಗೊಬ್ಬರದ ಚೀಲ, ಶುಂಠಿ ಹೊಲದ ಹಳೇ ಡ್ರಿಪ್ ಪೈಪು ಮತ್ತು ಪ್ಲಾಸ್ಟಿಕ್, ನರ್ಸರಿ ಕವರು, ಟೈರು. ಪಿವಿಸಿ ಸುಟ್ಟರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ, ಬೂದಿಯಲ್ಲೂ ಉಳಿಯುತ್ತದೆ, ಆ ಬೂದಿಯನ್ನೇ ನೀವು ಗಿಡದ ಬುಡಕ್ಕೆ ಹಾಕುತ್ತೀರಿ. ಕಸವನ್ನು ಬಯಲಲ್ಲಿ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲೇ ಆದೇಶ ಕೊಟ್ಟಿದೆ.

ಇನ್ನೊಂದು, ಹೊಸಬರಿಗೆ ಗೊತ್ತಿರುವುದಿಲ್ಲ: ಚೇರು ಮರದ ತುಂಡು ರಾಶಿಯಲ್ಲಿ ಸೇರಿದ್ದರೆ ಆರಿಸಿ ತೆಗೆಯಿರಿ. ಅದರ ಸೊನೆ ತಾಗಿದರೆ ಮೈ ಬೊಕ್ಕೆ ಏಳುತ್ತದೆ, ಹೊಗೆ ಕುಡಿದರೆ ಆ ಉರಿ ಗಂಟಲಿನೊಳಗೇ.

2. ಬೋರರ್ ಗಿಡವನ್ನು ಬೇರೆಯಾಗಿ ನೋಡಿ

ನಿಜವಾಗಿ ನಾಶ ಮಾಡಲೇಬೇಕಾದದ್ದು ಇದು. ಹುಳು ಹಿಡಿದ ಅರೇಬಿಕಾ ಗಿಡದ ಎಲೆ ಹಳದಿಯಾಗಿ ಜೋತುಬೀಳುತ್ತದೆ, ಬೊಡ್ಡೆಯ ಮೇಲೆ ಹೆಬ್ಬೆರಳು ಆಡಿಸಿದರೆ ತೊಗಟೆ ಸುತ್ತುಸುತ್ತಾಗಿ ಉಬ್ಬಿರುವುದು ತಿಳಿಯುತ್ತದೆ. ಬೊಡ್ಡೆ ಸೀಳಿದರೆ ಒಳಗೆ ಹಿಟ್ಟು ಒತ್ತಿ ತುಂಬಿದಂತಹ ಸುರಂಗ, ಅದರ ಕೊನೆಯಲ್ಲಿ ಬೆಳ್ಳನೆಯ ಹುಳು. ಬೊಡ್ಡೆಯಲ್ಲಿ ಗುಂಡಗಿನ ತೂತು ಕಂಡರೆ ದುಂಬಿ ಆಗಲೇ ಹಾರಿಹೋಗಿದೆ. ದುಂಬಿಗಳು ಹೊರಬರುವುದು ವರ್ಷಕ್ಕೆ ಎರಡು ಸಲ, ಏಪ್ರಿಲ್–ಮೇನಲ್ಲಿ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಆದ್ದರಿಂದ ಹುಡುಕಿ ಕೀಳುವ ಕೆಲಸ ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಮುಗಿದಿರಬೇಕು.

ತೊಡಕು ಇರುವುದು ಇಲ್ಲೇ. ಹಸಿ ಬೊಡ್ಡೆ ಉರಿಯುವುದಿಲ್ಲ. ಒಣಗಲಿ ಎಂದು ರಾಶಿ ಹಾಕಿ ಎರಡು ತಿಂಗಳು ಕಾದರೆ ಅಷ್ಟರಲ್ಲಿ ದುಂಬಿ ಹಾರಿಬಿಡುತ್ತದೆ. ಸೆಪ್ಟೆಂಬರ್‌ನಲ್ಲಂತೂ ಮಳೆಯಲ್ಲಿ ನೆನೆದ ಬೊಡ್ಡೆ, ಡೀಸೆಲ್ ಸುರಿದರೂ ಮೇಲಿನ ತೊಗಟೆ ಕಪ್ಪಾಗುತ್ತದೆ ಅಷ್ಟೇ, ಒಳಗಿನ ಹುಳು ಬದುಕಿರುತ್ತದೆ. ಹೊಗೆ ಊರಿಗೆಲ್ಲ, ಕೆಲಸ ಮಾತ್ರ ಆಗಿಲ್ಲ.

ದಾರಿ ಸುಲಭ: ನೀರು. ಗಿಡವನ್ನು ಬೇರು ಸಮೇತ ಕಿತ್ತು, ರೆಕ್ಕೆ ಸವರಿ, ಬೊಡ್ಡೆಗಳನ್ನು ಕಟ್ಟು ಕಟ್ಟಿ, ಕಲ್ಲು ಹೇರಿ 7ರಿಂದ 10 ದಿನ ಪೂರ್ತಿ ಮುಳುಗಿಸಿಡಿ. ಒಳಗಿನ ಹುಳು ಸಾಯುತ್ತದೆ. ಆಮೇಲೆ ತೆಗೆದು ಒಣಗಿಸಿದರೆ ಬಚ್ಚಲ ಒಲೆಗೆ ಒಳ್ಳೆಯ ಸೌದೆ. ಬಯಲಿನಲ್ಲಿ ಬೆಂಕಿ ಹಾಕುವ ಪ್ರಶ್ನೆಯೇ ಏಳುವುದಿಲ್ಲ. ಕುಡಿಯುವ ನೀರಿನ ಕೆರೆ, ಮೀನು ಬಿಟ್ಟ ಕೆರೆ ಬೇಡ. ಮೂಲೆಯಲ್ಲೊಂದು ಗುಂಡಿ ತೆಗೆಸಿ ಟಾರ್ಪಾಲು ಹಾಸಿ ನೀರು ತುಂಬಿದರೂ ಸಾಕು. ಒಂದೇ ಒಂದು ತುದಿ ನೀರಿನಿಂದ ಹೊರಗಿದ್ದರೂ ಆ ತುದಿಯ ಹುಳು ಉಳಿಯುತ್ತದೆ, ಇದನ್ನು ಮೇಸ್ತ್ರಿಗೆ ತೋರಿಸಿ ಹೇಳಿ.

ನೆನೆಸದ ಬೋರರ್ ಕಟ್ಟಿಗೆಯನ್ನು ಲೈನ್ ಮನೆಗೋ ನಿಮ್ಮ ಸೌದೆ ಕೊಟ್ಟಿಗೆಗೋ ಒಯ್ಯಲು ಬಿಡಬೇಡಿ. ಏಪ್ರಿಲ್ ಬಂದಾಗ ಅಲ್ಲಿಂದಲೇ ದುಂಬಿ ಹೊರಟು ತೋಟಕ್ಕೆ ವಾಪಸ್ಸಾಗುತ್ತದೆ. ನೀರಿನ ಅನುಕೂಲ ಇಲ್ಲವೇ ಇಲ್ಲ ಎಂದರೆ, ಕಳೆದ ವರ್ಷದ ಒಣ ಸೌದೆಯ ಜೋರು ಉರಿಗೆ ಬೋರರ್ ಬೊಡ್ಡೆಗಳನ್ನು ನಾಲ್ಕೈದರಂತೆ ಹಾಕಿ ಅಂದಂದೇ ಪೂರ್ತಿ ಸುಡಿ. ಮುಂದಿನ ಹಂತಗಳು ಅಂಥವರಿಗೆ, ಮತ್ತು ಮರುನಾಟಿಗೆಂದು ತೋಟದ ಒಂದು ಪಟ್ಟೆಯ ಗಿಡಗಳನ್ನೆಲ್ಲ ಕಿತ್ತು ರಾಶಿ ರಾಶಿ ಬುಡ ಉಳಿದವರಿಗೆ.

3. ಒಣಗಿಸಿ

ಬೋರರ್ ಇಲ್ಲದ ಕಟ್ಟಿಗೆಗೆ ಕನಿಷ್ಠ ಆರರಿಂದ ಎಂಟು ವಾರದ ಬಿಸಿಲು ಬೇಕು. ಬೇರಿನ ಮಣ್ಣನ್ನು ಬಡಿದು ಉದುರಿಸಿ, ಮಣ್ಣಿದ್ದ ಕಡೆ ಉರಿ ಸತ್ತು ಹೊಗೆ ಹುಟ್ಟುತ್ತದೆ. ಕಟ್ಟಿಗೆಯ ತುದಿಯಲ್ಲಿ ಕಿರಣದಂತೆ ಬಿರುಕು ಬಿಟ್ಟಿದ್ದರೆ, ಎರಡು ತುಂಡು ಒಂದಕ್ಕೊಂದು ಬಡಿದಾಗ ‘ಟಣ್’ ಎಂದರೆ ಒಣಗಿದೆ. ‘ಧಪ್’ ಎಂದರೆ ಇನ್ನೂ ಕಾಯಿರಿ.

4. ಜಾಗ ಆರಿಸಿ

ಕಾಫಿ ಗಿಡದಿಂದ, ಮೆಣಸು ಹಬ್ಬಿದ ಮರದಿಂದ 30 ಅಡಿಯಾದರೂ ದೂರವಿರಲಿ. ಬೆಂಕಿ ತಾಗದಿದ್ದರೂ ಝಳಕ್ಕೇ ಬಳ್ಳಿ ಬಾಡುತ್ತದೆ. ಕರೆಂಟ್ ತಂತಿಯ ಕೆಳಗೆ, ಸಿಲ್ವರ್ ಮರದ ಅಡಿ, ಹಳೇ ಬುಡದ ಮೇಲೆ ಬೇಡ. ಸುತ್ತ ಹತ್ತಡಿ ಅಗಲ ಹುಲ್ಲು, ತರಗು ಗುಡಿಸಿ ಬರೀ ಮಣ್ಣು ಕಾಣುವಂತೆ ಮಾಡಿ.

ತಲೆ ಎತ್ತಿ ಮರಗಳನ್ನೊಮ್ಮೆ ನೋಡಿ. ಹೆಜ್ಜೇನು ಕಟ್ಟಿದ್ದರೆ ಗಾಳಿ ಹೊಗೆಯನ್ನು ಅದರ ಕಡೆ ಒಯ್ಯುವಂತೆ ಖಂಡಿತ ಬೆಂಕಿ ಹಾಕಬೇಡಿ. ಹೊಗೆ ತಾಗಿದ ಹೆಜ್ಜೇನು ಕೆಳಗಿರುವವರ ಮೇಲೆ ಎರಗುತ್ತದೆ, ಜೀವಕ್ಕೇ ಅಪಾಯ. ಹೂ ಮಳೆ ಬಿದ್ದು ಹೂವಾದ ದಿನಗಳಲ್ಲಂತೂ ಬೆಂಕಿಯ ಮಾತೇ ಬೇಡ. ರೊಬಸ್ಟಾ ತನ್ನ ಪರಾಗದಿಂದ ತಾನೇ ಕಾಯಿ ಕಟ್ಟುವುದಿಲ್ಲ. ಬೇರೆ ಗಿಡದ ಪರಾಗ ಗಾಳಿಯಿಂದ, ಜೇನಿನಿಂದ ಬರಬೇಕು. ಆ ಹೊತ್ತಿನಲ್ಲಿ ಹೊಗೆ ಹಾಕಿ ಜೇನು ಓಡಿಸಿದರೆ ನಷ್ಟ ನಿಮ್ಮದೇ.

ಕಣದಲ್ಲಿ ಕಾಫಿ ಹರಡಿದ್ದರೆ ಅದೂ ಗಾಳಿಯ ದಿಕ್ಕಿನಲ್ಲಿರಬಾರದು. ಒಣಗುತ್ತಿರುವ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದ ಕಾಫಿ ಬೀಜ) ಸುತ್ತಲಿನ ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತದೆ, ಹೊಗೆ ವಾಸನೆ ಹಿಡಿದ ಕಾಫಿಯನ್ನು ಕಪ್ಪಿನಲ್ಲಿ ರುಚಿ ನೋಡುವವರು ಕೂಡಲೇ ಗುರುತಿಸುತ್ತಾರೆ.

5. ತಿಳಿಸಬೇಕಾದವರಿಗೆ ತಿಳಿಸಿ

ಹಿಂದಿನ ದಿನವೇ ಲೈನ್ ಮನೆಯವರಿಗೆ, ಪಕ್ಕದ ತೋಟಕ್ಕೆ, ಹತ್ತಿರ ಶಾಲೆ ಅಂಗನವಾಡಿ ಇದ್ದರೆ ಅಲ್ಲಿಗೆ ಹೇಳಿ ಕಳಿಸಿ. ಉಬ್ಬಸ ಇರುವವರು, ಬಸುರಿ ಬಾಣಂತಿಯರು, ಎಳೆ ಮಕ್ಕಳು ಇರುವ ಮನೆ ಯಾವುದು ಎಂದು ತೋಟದ ಲೆಕ್ಕ ಬರೆಯುವ ರೈಟರ್‌ಗೆ ಗೊತ್ತಿರುತ್ತದೆ, ಕೇಳಿ. ಗಾಳಿ ಆ ಕಡೆ ತಿರುಗಿದರೆ ಕೆಲಸ ನಿಲ್ಲಿಸುತ್ತೇವೆ ಎಂದು ಮಾತು ಕೊಡಿ, ಉಳಿಸಿಕೊಳ್ಳಿ.

ಕಾಡಂಚಿನ ತೋಟವಾದರೆ ಅರಣ್ಯ ಇಲಾಖೆಯ ಗಾರ್ಡ್‌ಗೆ ಮೊದಲೇ ಫೋನ್ ಮಾಡಿ. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಉಪಗ್ರಹದಿಂದ ಬೆಂಕಿ ಗುರುತಿಸಿ ಇಲಾಖೆಗೆ ಸಂದೇಶ ಕಳಿಸುತ್ತದೆ. ಮೀಸಲು ಅರಣ್ಯಕ್ಕೆ ಅಪಾಯವಾಗುವಂತೆ ಬೆಂಕಿ ಬಿಡುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ಫೆಬ್ರವರಿ ಮಧ್ಯದಿಂದ ಮಳೆ ಬೀಳುವವರೆಗೆ ಬಾಬಾಬುಡನ್‌ಗಿರಿ, ಮುಳ್ಳಯ್ಯನಗಿರಿ, ಚಾರ್ಮಾಡಿ ಕಡೆಯ ಹುಲ್ಲುಗುಡ್ಡಗಳಿಗೆ ಒಂದು ಕಿಡಿ ಸಾಕು. ಆ ಅಂಚಿನಲ್ಲಿರುವವರು ಈ ತಿಂಗಳುಗಳಲ್ಲಿ ಏನನ್ನೂ ಸುಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನೀರಿನ ಗುಂಡಿ ಇದ್ದೇ ಇದೆ.

6. ದಿನ ಮತ್ತು ಹೊತ್ತು

ಇದನ್ನು ತಿಳಿಯಲು ಯಂತ್ರ ಬೇಡ, ಬಚ್ಚಲ ಒಲೆಯ ಹೊಗೆ ಸಾಕು. ಬೆಳಿಗ್ಗೆ ಏಳಕ್ಕೆ ಅಂಗಳದಲ್ಲಿ ನಿಂತು ನೋಡಿ. ಹೊಗೆ ಹೆಂಚಿನ ಸಂದಿಯಿಂದ ಹೊರಟು ಒಂದಾಳು ಎತ್ತರಕ್ಕೆ ಏರಿ, ಅಲ್ಲೇ ಏನೋ ತಡೆದಂತೆ ನಿಂತು, ಕಾಫಿ ಗಿಡದ ತಲೆಯ ಮೇಲೆ ಪಂಚೆ ಹಾಸಿದ ಹಾಗೆ ಚಪ್ಪಟೆಯಾಗಿ ಹರಡುತ್ತದೆ. ಮುಚ್ಚಳ ಇನ್ನೂ ತೆರೆದಿಲ್ಲ. ಮಂಜು ಕರಗಿ ಒಂಬತ್ತೂವರೆ ಹತ್ತಾಗುವಷ್ಟರಲ್ಲಿ ಅದೇ ಹೊಗೆ ತಡೆಯಿಲ್ಲದೆ ಮೇಲೇರಿ ಸಿಲ್ವರ್ ಮರದ ತುದಿ ದಾಟಿ ಚದುರಿಹೋಗುತ್ತದೆ. ಬೆಂಕಿ ಹಚ್ಚುವ ಹೊತ್ತು ಅದು.

ಹತ್ತಕ್ಕೆ ಹಚ್ಚಿ, ಹೊಸ ಕಟ್ಟಿಗೆ ಹಾಕುವುದನ್ನು ಹನ್ನೆರಡೂವರೆಗೆ ನಿಲ್ಲಿಸಿ, ಮೂರರ ಒಳಗೆ ಪೂರ್ತಿ ನಂದಿಸಿ. ಮಧ್ಯಾಹ್ನ ಗಾಳಿ ಜೋರಾಗುತ್ತದೆ, ಸಂಜೆ ಮುಚ್ಚಳ ಮತ್ತೆ ಮುಚ್ಚುತ್ತದೆ, ಎರಡೂ ಕೆಟ್ಟದ್ದು. ಎಲೆ ಮೆಲ್ಲಗೆ ಅಲುಗುವಷ್ಟು ಗಾಳಿ ಒಳ್ಳೆಯದು. ಟೊಂಗೆ ತೂಗುವಷ್ಟು ಗಾಳಿ ಇದ್ದರೆ ಬೇಡ, ಎಲೆಯೇ ಅಲುಗದಿದ್ದರೂ ಬೇಡ. ದಿನವಿಡೀ ಮೋಡ ಮುಚ್ಚಿ ಮಂಜು ಕರಗದಿದ್ದರೆ ಆ ದಿನ ಬಿಡಿ. ನಿಮ್ಮ ಮೇಲಿನ ತೋಟದವರು ಅಂದು ಬೆಂಕಿ ಹಾಕಿದ್ದರೆ ನೀವು ಮರುದಿನ ಹಾಕಿ. ಕ್ಯಾಲಿಫೋರ್ನಿಯಾದ ನಾಪಾ, ಸೊನೋಮಾ ಕಣಿವೆಗಳ ದ್ರಾಕ್ಷಿ ಬೆಳೆಗಾರರು ಕಸಿ ಕಡ್ಡಿ, ಕಿತ್ತ ಬಳ್ಳಿ ಸುಡಬೇಕಾದರೆ ಆ ದಿನ ಸುಡಬಹುದೇ ಎಂದು ಅಲ್ಲಿನ ವಾಯು ಗುಣಮಟ್ಟದ ಪ್ರಾಧಿಕಾರ ಹೇಳುವವರೆಗೆ ಕಾಯಬೇಕು. ನಮ್ಮಲ್ಲಿ ಹಾಗೆ ಹೇಳುವವರಿಲ್ಲ. ಅಕ್ಕಪಕ್ಕದ ನಾಲ್ಕು ತೋಟದವರು ಫೋನಿನಲ್ಲಿ ಮಾತಾಡಿಕೊಂಡರೆ ಅಷ್ಟೇ ಕೆಲಸ ಆಗುತ್ತದೆ.

7. ಮೇಲಿನಿಂದ ಹಚ್ಚಿ

ನಾವೆಲ್ಲ ಕಲಿತಿರುವುದು ರಾಶಿಯ ಬುಡಕ್ಕೆ ತರಗು ತುರುಕಿ ಕಡ್ಡಿ ಗೀರುವುದು. ಹಾಗೆ ಮಾಡಿದರೆ ಕೆಳಗಿನ ಉರಿಯ ಬಿಸಿಗೆ ಮೇಲಿನ ಕಟ್ಟಿಗೆ ಬೆವತು, ಉರಿ ಮುಟ್ಟುವ ಮೊದಲೇ ಹೊಗೆ ಬಿಟ್ಟುಬಿಡುತ್ತದೆ. ತಿರುಗಿಸಿ ಮಾಡಿ. ದಪ್ಪ ಕಟ್ಟಿಗೆ ಕೆಳಗೆ, ನಡುಗಾತ್ರದ್ದು ನಡುವೆ, ತುದಿಯಲ್ಲಿ ಪುರಲೆ ಮತ್ತು ಒಣ ತೆಂಗಿನ ಗರಿ. ಬೆಂಕಿ ತುದಿಗೆ ಕೊಡಿ. ಉರಿ ಮೇಲಿನಿಂದ ಕೆಳಗೆ ಇಳಿಯುತ್ತದೆ, ಕೆಳಗಿನ ಕಟ್ಟಿಗೆ ಬಿಟ್ಟ ಹೊಗೆ ಮೇಲಿನ ಉರಿಯನ್ನು ದಾಟಿಯೇ ಹೋಗಬೇಕಾಗಿ ಅಲ್ಲೇ ಸುಟ್ಟುಹೋಗುತ್ತದೆ. ಸೊನೋಮಾದ ದ್ರಾಕ್ಷಿ ತೋಟಗಳಲ್ಲಿ ಬಳಕೆಯಲ್ಲಿರುವುದು ಇದೇ ಕ್ರಮ.

ರಾಶಿ ಐದಡಿ ಅಗಲ, ನಾಲ್ಕಡಿ ಎತ್ತರ ಮೀರದಿರಲಿ. ದೊಡ್ಡ ರಾಶಿ ಒಂದಕ್ಕಿಂತ ಸಣ್ಣವು ನಾಲ್ಕು ಮೇಲು, ಆದರೆ ಒಂದು ಆರಿದ ಮೇಲೆ ಇನ್ನೊಂದು. ಕಟ್ಟಿಗೆಯನ್ನು ಒಂದೇ ದಿಕ್ಕಿಗೆ, ಗಾಳಿ ಆಡುವಷ್ಟು ಸಂದಿ ಬಿಟ್ಟು ಪೇರಿಸಿ. ಹಚ್ಚುವ ಮೊದಲು ರಾಶಿಯನ್ನು ಒಮ್ಮೆ ಕೋಲಿನಿಂದ ತಟ್ಟಿ, ವಾರಗಟ್ಟಲೆ ಬಿದ್ದ ಕಟ್ಟಿಗೆಯಲ್ಲಿ ಹಾವು, ಓತಿಕ್ಯಾತ ಸೇರಿಕೊಂಡಿರುತ್ತವೆ.

ಡೀಸೆಲ್, ಪೆಟ್ರೋಲ್ ಬೇಡ. ಅದು ಬೇಕು ಅನ್ನಿಸಿತು ಎಂದರೆ ಕಟ್ಟಿಗೆ ಒಣಗಿಲ್ಲ ಎಂದೇ ಅರ್ಥ. ಮೊದಲ ಹತ್ತು ನಿಮಿಷ ಸ್ವಲ್ಪ ಹೊಗೆ ಸಹಜ. ಅರ್ಧ ಗಂಟೆಯಾದರೂ ಬಿಳಿ ಹೊಗೆ ದಟ್ಟವಾಗಿ ಬರುತ್ತಿದ್ದರೆ ನಂದಿಸಿ, ಇನ್ನೆರಡು ವಾರ ಒಣಗಿಸಿ.

8. ನೀರು ಹಾಕಿ ನಂದಿಸಿ

ಅತಿ ಹೆಚ್ಚು ತಪ್ಪಾಗುವುದು ಈ ಹಂತದಲ್ಲಿ. ‘ಉರಿ ಇಳಿದಿದೆ, ತಾನೇ ಆರುತ್ತೆ’ ಎಂದು ಎಲ್ಲರೂ ಊಟಕ್ಕೆ ಹೋಗುತ್ತಾರೆ. ಒಂದು ವರ್ಷ ನಾನೂ ಹಾಗೇ ಮಾಡಿದೆ. ಮೂರನೇ ದಿನ ರಾಶಿ ಇದ್ದ ಜಾಗದಿಂದ ಎಂಟಡಿ ದೂರದಲ್ಲಿ, ಮಣ್ಣೊಳಗಿನ ಒಂದು ಹಳೇ ಹಲಸಿನ ಬೇರು ಹಿಡಿದು ಬೆಂಕಿ ಹೊರಗೆ ತಲೆ ಹಾಕಿತ್ತು. ಹತ್ತು ಗಿಡ ಹೋದವು.

ಉರಿ ಇಳಿದು ಕೆಂಡ ಕಾಣುತ್ತಿದ್ದ ಹಾಗೆ ಅಂಚಿನಿಂದ ನಡುವಿಗೆ ನೀರು ಹಾಕುತ್ತಾ ಬನ್ನಿ, ಕೋಲಿನಿಂದ ಕೆದಕಿ, ಮತ್ತೆ ನೀರು ಹಾಕಿ. ಬರೀ ಮಣ್ಣು ಮುಚ್ಚಬೇಡಿ, ಒಳಗೆ ಕೆಂಡ ದಿನಗಟ್ಟಲೆ ಬದುಕಿರುತ್ತದೆ. ಅಂಗೈ ತಿರುಗಿಸಿ ಮುಂಗೈಯನ್ನು ಬೂದಿಯ ಹತ್ತಿರ ಹಿಡಿದರೆ ಬಿಸಿ ತಾಗಬಾರದು. ಅಲ್ಲಿಯವರೆಗೆ ಒಬ್ಬರು ಅಲ್ಲೇ ಇರಬೇಕು. ಮರುದಿನ ಬೆಳಿಗ್ಗೆ ಒಮ್ಮೆ, ಮೂರನೇ ದಿನ ಒಮ್ಮೆ ಹೋಗಿ ನೋಡಿ. ಕೈಮೀರಿತು ಎನಿಸಿದರೆ 101 ಅಥವಾ 112ಕ್ಕೆ ತಡಮಾಡದೆ ಕರೆ ಮಾಡಿ, ಘಟ್ಟದ ರಸ್ತೆಯಲ್ಲಿ ಅಗ್ನಿಶಾಮಕ ವಾಹನ ಬರಲು ಹೊತ್ತು ಹಿಡಿಯುತ್ತದೆ.

ಹೀಗೆ ಕೆಂಡದಲ್ಲೇ ನಂದಿಸಿದಾಗ ಕೈಗೆ ಇದ್ದಿಲು ಸಿಗುತ್ತದೆ. ಪುಡಿ ಮಾಡಿ, ಸಗಣಿ ಗಂಜಲದಲ್ಲಿ ಒಂದೆರಡು ವಾರ ನೆನೆಯಿಟ್ಟು ಗೊಬ್ಬರದ ಗುಂಡಿಗೆ ಸೇರಿಸಿ. ನೆನೆಸದೆ ನೇರ ಹಾಕಿದರೆ ಮಣ್ಣಿನ ಸಾರವನ್ನು ಅದೇ ಮೊದಲು ಹೀರಿಕೊಳ್ಳುತ್ತದೆ. ಬೂದಿ ನಮ್ಮ ಹುಳಿ ಮಣ್ಣಿಗೆ ಸುಣ್ಣದಂತೆ ಕೆಲಸ ಮಾಡುತ್ತದೆ, ತೆಳ್ಳಗೆ ಹರಡಿ, ಒಂದೇ ಗಿಡದ ಬುಡಕ್ಕೆ ಬುಟ್ಟಿಗಟ್ಟಲೆ ಸುರಿಯಬೇಡಿ. ಯೂರಿಯಾದ ಜೊತೆ ಬೂದಿ ಬೆರೆಸಬಾರದು, ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ.

ಪಕ್ಕದ ತೋಟದ ಹೊಗೆಯ ಬಗ್ಗೆ ಕೇಳಿದವರಿಗೆ: ಮೊದಲು ಹೊಗೆ ಇಲ್ಲದ ದಿನ ಅವರ ಮನೆಗೆ ಹೋಗಿ, ಸಂಜೆಯ ಬದಲು ಬೆಳಿಗ್ಗೆ ಹತ್ತಕ್ಕೆ ಹಚ್ಚಲು ಕೇಳಿಕೊಳ್ಳಿ. ನೀರಿನಲ್ಲಿ ನೆನೆಸುವ ವಿಷಯ ಅವರಿಗೆ ಗೊತ್ತಿಲ್ಲದೆಯೂ ಇರಬಹುದು, ಹೇಳಿ. ಬೋರರ್ ಬಗ್ಗೆ ಅನುಮಾನವಿದ್ದರೆ ಇಬ್ಬರೂ ಸೇರಿ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಲ್ಲೋ ಹತ್ತಿರದ ಕಾಫಿ ಮಂಡಳಿ ಕಚೇರಿಯಲ್ಲೋ ವಿಚಾರಿಸಿ. ಹೊಗೆ ಬಂದ ರಾತ್ರಿ ಅಜ್ಜಿಯನ್ನು ತಗ್ಗಿನ ಕಡೆಗಿರದ ಕೋಣೆಗೆ ಬದಲಾಯಿಸಿ, ಕಿಟಕಿ ಮುಚ್ಚಿ ಬಾಗಿಲ ಕೆಳಸಂದಿಗೆ ಒದ್ದೆ ಬಟ್ಟೆ ಇಡಿ, ಆ ಕೋಣೆಯಲ್ಲಿ ಊದಿನಕಡ್ಡಿ, ಸೊಳ್ಳೆ ಬತ್ತಿ ಹಚ್ಚಬೇಡಿ. ಇನ್‌ಹೇಲರ್ ಕೈಗೆ ಸಿಗುವಲ್ಲಿರಲಿ. ಮಾತು ತಡವರಿಸುವಷ್ಟು ಏದುಸಿರು ಬಂದರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ.